ನಾಗರಹೊಳೆಯ ಹುಲಿ: ಹುಟ್ಟು, ಬದುಕು, ಉಳಿವು

ಕುಟ್ಟ ಕೊಡಗಿನ ದಕ್ಷಿಣ ತುದಿಯ ಗಡಿಯೂರು, ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ್ದು. ಒಂದು ಕಡೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಬ್ರಹ್ಮಗಿರಿ ಬೆಟ್ಟಸಾಲು, ಗಡಿ ದಾಟಿದರೆ ಕೇರಳದ ತೋಲ್ಪೆಟ್ಟಿ ಕಾಡು. ಈ ಮೂರರ ನಡುವೆ ಕಾಫಿ ತೋಟ, ಗದ್ದೆ, ತೋಟದ ಕೂಲಿಗಳ ಲೈನ್‌ಮನೆಗಳು ಹರಡಿವೆ. ಅಮೆರಿಕ ಖಂಡಗಳ ಕಾಡುಗಳಲ್ಲಿ ಜಾಗ್ವಾರ್ ಹಿಡಿದಿರುವ ಸ್ಥಾನವನ್ನು ಇಲ್ಲಿ ಹಿಡಿದಿರುವುದು ಹುಲಿ. ಕಾಡಿನ ದೊಡ್ಡ ಬೇಟೆಗಾರ ಅದೇ. ಒಂಟಿಯಾಗಿ ಬಾಳುವ ಈ ಪ್ರಾಣಿಗೆ ವಿಶಾಲವಾದ ಜಾಗ ಬೇಕು, ಬೇಕಾದಷ್ಟು ಗೊರಸಿನ ಪ್ರಾಣಿಗಳು ಬೇಕು. ನಾಗರಹೊಳೆಯ ಹುಲಿಗಳನ್ನು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಒಂದೊಂದಾಗಿ ಗುರುತಿಸಿ ಅಧ್ಯಯನ ಮಾಡಲಾಗಿದೆ. ಹಾಗಾಗಿ ಕಾಡಿನ ಹುಲಿಯೊಂದು ಹುಟ್ಟಿ, ಬೆಳೆದು, ಸಾಯುವ ಬಗೆಯನ್ನು ಕುರಿತು ಈ ಕಾಡು ಕೊಟ್ಟಷ್ಟು ತಿಳಿವಳಿಕೆಯನ್ನು ಲೋಕದ ಕೆಲವೇ ಕಾಡುಗಳು ಕೊಟ್ಟಿವೆ.

ಕಾಡು ಮತ್ತು ಅದರ ಅಂಚು

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿ.ಮೀ. ಕೊಡಗಿನ ಕಡೆ ಮಳೆ ಹೆಚ್ಚು. ಮತ್ತಿ, ನಂದಿ, ಬೀಟೆ, ಹೊನ್ನೆಯ ಎತ್ತರದ ಮರಗಳೂ ಹಳೆಯ ತೇಗದ ನೆಡುತೋಪುಗಳೂ ಇವೆ. ಮೈಸೂರಿನ ಕಡೆಗೆ ಸಾಗಿದಂತೆ ಕಾಡು ಒಣಗುತ್ತ ಕುರುಚಲಾಗುತ್ತದೆ. ಮರಗಳ ನಡುವೆ ಅಲ್ಲಲ್ಲಿ ಹಡ್ಲುಗಳಿವೆ. ತಗ್ಗಿನಲ್ಲಿ ನೀರು ನಿಂತು, ಮರ ಬೆಳೆಯದೆ, ವರ್ಷವಿಡೀ ಹಸಿ ಹುಲ್ಲಿರುವ ಬಯಲುಗಳಿವು. ನಾಗರಹೊಳೆಯ ಹುಲಿಯ ಬದುಕು ನಿಂತಿರುವುದು ಬಹುಮಟ್ಟಿಗೆ ಈ ಹಡ್ಲುಗಳ ಮೇಲೆ. ಹುಲ್ಲಿಗೆ ಜಿಂಕೆ, ಕಾಟಿಗಳು ಇಳಿಯುತ್ತವೆ, ಅಂಚಿನ ಪೊದೆಯಲ್ಲಿ ಹುಲಿ ಹೊಂಚುತ್ತದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಕಾಡಿನ ದಕ್ಷಿಣದಲ್ಲಿ ದೊಡ್ಡ ಹಿನ್ನೀರು ನಿಂತಿತು. ಬೇಸಿಗೆಯಲ್ಲಿ ಆ ನೀರು ಹಿಂದೆ ಸರಿದಾಗ ಮೇಲೇಳುವ ಹುಲ್ಲುಗಾವಲೂ ಹೀಗೆಯೇ ಪ್ರಾಣಿಗಳನ್ನು ಸೆಳೆಯುತ್ತದೆ.

ಈ ಕಾಡು ಒಂಟಿಯಲ್ಲ. ಬಂಡೀಪುರ, ತಮಿಳುನಾಡಿನ ಮುದುಮಲೈ, ಕೇರಳದ ವಯನಾಡು ಇದಕ್ಕೆ ಹೊಂದಿಕೊಂಡಿವೆ. ಇವೆಲ್ಲ ಸೇರಿದ ಕಾಡಿನಲ್ಲಿ ಇರುವಷ್ಟು ಹುಲಿಗಳು ಪ್ರಪಂಚದ ಬೇರಾವ ಒಂದೇ ಹರಹಿನ ಕಾಡಿನಲ್ಲೂ ಇಲ್ಲ. ರಾಜ್ಯಗಳ ಗಡಿ ಹುಲಿಗೆ ತಿಳಿಯದು; ಕುಟ್ಟದ ತೋಟದಲ್ಲಿ ಹೆಜ್ಜೆ ಮೂಡಿಸಿದ ಹುಲಿ ಮಾರನೆಯ ರಾತ್ರಿ ತೋಲ್ಪೆಟ್ಟಿಯಲ್ಲಿರಬಹುದು.

ಹುಟ್ಟು ಮತ್ತು ತಾಯಿ

ನಮ್ಮ ಕಾಡುಗಳಲ್ಲಿ ಹುಲಿಗೆ ಮರಿ ಹಾಕುವ ಕಾಲವೆಂದು ಒಂದಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಹುಟ್ಟಬಹುದು. ಬೆದೆಗೆ ಬಂದ ಹೆಣ್ಣು ಕೂಗುತ್ತ, ಮರಗಳಿಗೂ ಪೊದೆಗಳಿಗೂ ಮೂತ್ರ ಸಿಂಪಡಿಸುತ್ತ ತಿರುಗುತ್ತದೆ. ಆ ಜಾಗದ ಗಂಡು ಬಂದು ಕೆಲವು ದಿನ ಜೊತೆಗಿದ್ದು ಹೋಗುತ್ತದೆ. ಗರ್ಭದ ಅವಧಿ ಸುಮಾರು 103ರಿಂದ 106 ದಿನ. ದೇಹದ ಗಾತ್ರಕ್ಕೆ ಹೋಲಿಸಿದರೆ ಇದು ತೀರಾ ಕಡಿಮೆ. ಬಸುರಿನ ಭಾರ ಹೊತ್ತು ಜಿಂಕೆಯ ಮೇಲೆ ಎರಗುವುದು ಕಷ್ಟವಾದ್ದರಿಂದ ಬೇಟೆಯನ್ನೇ ನಂಬಿದ ತಾಯಿಗೆ ಈ ಮೊಟಕು ಅವಧಿ ಅನುಕೂಲ. ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ, ಹೆಚ್ಚಾಗಿ ಮೂರು. ಒಂದೊಂದೂ ಸುಮಾರು ಒಂದು ಕಿಲೋ ತೂಗುತ್ತದೆ, ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ.

ಮರಿ ಹಾಕಲು ತಾಯಿ ಆರಿಸಿಕೊಳ್ಳುವುದು ದಟ್ಟ ಪೊದೆ, ಬಿದಿರು ಮೆಳೆ ಅಥವಾ ಬಂಡೆಯ ಮರೆ. ಅನುಮಾನ ಬಂದರೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಒಂದೆರಡು ವಾರದಲ್ಲಿ ಮರಿಗಳ ಕಣ್ಣು ತೆರೆಯುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ತಾಯಿ ತಾನು ಕೊಂದ ಪ್ರಾಣಿಯ ಬಳಿಗೆ ಅವನ್ನು ಕರೆದೊಯ್ಯಲು ತೊಡಗುತ್ತದೆ, ಅಲ್ಲಿಂದ ಮುಂದೆ ಹಾಲಿನ ಪಾಲು ಇಳಿದು ಮಾಂಸದ ಪಾಲು ಏರುತ್ತದೆ. ಮರಿ ಸಾಕುವುದರಲ್ಲಿ ಗಂಡು ಕೈಜೋಡಿಸುವುದಿಲ್ಲ. ಆದರೂ ತನ್ನ ಜಾಗದೊಳಕ್ಕೆ ಬೇರೆ ಗಂಡು ಬಾರದಂತೆ ಕಾಯುವುದರಿಂದಲೇ ಅದು ಮರಿಗಳಿಗೆ ದೊಡ್ಡ ಆಸರೆ.

ಒಂಟಿ ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು ಐವತ್ತು ಪ್ರಾಣಿ ಸಾಕು. ಮರಿ ಸಾಕುವ ತಾಯಿಗೆ ಅರವತ್ತು ಎಪ್ಪತ್ತು ಬೇಕು. ಬೇಟೆಗೆ ಹೋದಾಗ ಮರಿಗಳನ್ನು ಒಂಟಿಯಾಗಿ ಬಿಟ್ಟು ಹೋಗದೆ ಗತಿಯಿಲ್ಲ. ಬೇಟೆ ಹತ್ತಿರದಲ್ಲೇ ಸಿಗುವ ಕಾಡಿನಲ್ಲಿ ತಾಯಿ ಬೇಗ ಹಿಂತಿರುಗುತ್ತದೆ, ಹುಡುಕಿ ಅಲೆಯಬೇಕಾದ ಕಾಡಿನಲ್ಲಿ ಮರಿ ಹೆಚ್ಚು ಹೊತ್ತು ಅಪಾಯದಲ್ಲಿರುತ್ತದೆ. ಕಳ್ಳಬೇಟೆಗಾರ ಒಂದು ಕಡವೆಯನ್ನು ಹೊಡೆದಾಗ ಅದರ ಪೆಟ್ಟು ಹುಲಿಮರಿಗೂ ತಗಲುವುದು ಈ ದಾರಿಯಿಂದ. ಹುಲಿಯನ್ನು ಮುಟ್ಟದೆಯೇ ಹುಲಿಯನ್ನು ಇಲ್ಲವಾಗಿಸಬಹುದು ಎಂಬುದನ್ನು ನಮ್ಮ ದೇಶದ ಎಷ್ಟೋ ಖಾಲಿ ಕಾಡುಗಳು ತೋರಿಸಿವೆ.

ಮರಿಗಳ ಸಾವು

ನೇಪಾಳದ ಚಿತ್ವನ್‌ನಲ್ಲಿ ಗುರುತಿಟ್ಟ ಹುಲಿಗಳನ್ನು ಹಲವು ವರ್ಷ ಹಿಂಬಾಲಿಸಿ ಡೇವಿಡ್ ಸ್ಮಿತ್ ಮತ್ತು ಚಾರ್ಲ್ಸ್ ಮೆಕ್‌ಡೂಗಲ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರ. ಅಲ್ಲಿ ಮೊದಲ ವರ್ಷದಲ್ಲೇ 34 ಪ್ರತಿಶತ ಮರಿಗಳು ಸತ್ತವು, ಎರಡನೆಯ ವರ್ಷ 17 ಪ್ರತಿಶತ. ಮೊದಲ ವರ್ಷದ ಸಾವುಗಳಲ್ಲಿ ಹೆಚ್ಚಿನವು ಇಡೀ ಸೂಲೇ ಒಟ್ಟಿಗೆ ಅಳಿದವು. ಕಾಡುಕಿಚ್ಚು, ನೆರೆ, ತಾಯಿಯ ಸಾವು ಇವೆಲ್ಲ ಕಾರಣಗಳೇ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು ಗಂಡು ಹುಲಿ.

ಹಳೆಯ ಗಂಡನ್ನು ಸೋಲಿಸಿ ಜಾಗ ಹಿಡಿದ ಹೊಸ ಗಂಡು, ಅಲ್ಲಿರುವ ಹೆಣ್ಣುಗಳ ಮರಿಗಳನ್ನು ಕೊಲ್ಲುತ್ತದೆ. ಮರಿ ಕಳೆದುಕೊಂಡ ತಾಯಿ ಕೆಲವೇ ವಾರಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ, ಮುಂದಿನ ಸೂಲು ಹೊಸ ಗಂಡಿನದಾಗುತ್ತದೆ. ಇದನ್ನು ಕ್ರೌರ್ಯವೆಂದು ನೋಡಿದರೆ ಹುಲಿಯ ಬದುಕು ಅರ್ಥವಾಗದು. ಗಂಡಿನ ಆಳ್ವಿಕೆ ಬಲು ಮೊಟಕು; ಚಿತ್ವನ್‌ನಲ್ಲಿ ಗಂಡು ಹುಲಿಯೊಂದು ಸಂತಾನ ಪಡೆಯುವ ಸ್ಥಿತಿಯಲ್ಲಿದ್ದದ್ದು ಸರಾಸರಿ 2.8 ವರ್ಷ, ಹೆಣ್ಣು 6.1 ವರ್ಷ. ಇನ್ನೊಬ್ಬರ ಮರಿ ಬೆಳೆದು ತಾಯಿಯನ್ನು ಬಿಡುವವರೆಗೆ ಕಾಯುವಷ್ಟು ಕಾಲ ಅದರ ಕೈಯಲ್ಲಿಲ್ಲ. ನಮಗೆ ಇದರಿಂದ ತಿಳಿಯಬೇಕಾದದ್ದು ಬೇರೆಯೇ ಇದೆ. ಕಳ್ಳಬೇಟೆಯಲ್ಲೋ ಉರುಳಿನಲ್ಲೋ ಒಂದು ದೊಡ್ಡ ಗಂಡು ಸತ್ತರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅದರ ಜಾಗಕ್ಕೆ ಬರುವ ಹೊಸ ಗಂಡು ಎರಡು ಮೂರು ತಾಯಂದಿರ ಮರಿಗಳನ್ನು ಅಳಿಸಬಹುದು.

ತಾಯಿಯನ್ನು ಬಿಟ್ಟ ಮೇಲೆ

ಒಂದು ವರ್ಷ ದಾಟಿದ ಮೇಲೆ ಮರಿಗಳಿಗೆ ಹಾಲುಕೋರೆ ಬಿದ್ದು ಗಟ್ಟಿಯಾದ ಕೋರೆಹಲ್ಲು ಬರುತ್ತದೆ. ತಾಯಿ ಕೆಡವಿದ ಪ್ರಾಣಿಯನ್ನು ಮುಗಿಸುವುದು, ಕಾಡುಹಂದಿ ಮರಿಯ ಹಿಂದೆ ಬೀಳುವುದು, ಸೋತು ಬರುವುದು, ಹೀಗೆ ಬೇಟೆ ಕೈಗೆ ಹತ್ತುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ ತಾಯಿ ಮುಂದಿನ ಸೂಲಿಗೆ ಅಣಿಯಾಗುತ್ತದೆ, ಮರಿಗಳು ಬೇರೆಯಾಗುತ್ತವೆ.

ಹುಲಿಯ ಬದುಕಿನ ಅತಿ ಕಷ್ಟದ ಕಾಲ ಇಲ್ಲಿಂದ ಶುರು. ಹೆಣ್ಣುಮರಿಗಳು ಸಾಧ್ಯವಾದರೆ ತಾಯಿಯ ಜಾಗದ ಪಕ್ಕದಲ್ಲೇ ನೆಲೆಯೂರುತ್ತವೆ. ಎಷ್ಟೋ ಸಲ ತಾಯಿಯೇ ತನ್ನ ಜಾಗದ ಒಂದು ಭಾಗವನ್ನು ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಗಂಡುಗಳಿಗೆ ಆ ಅವಕಾಶವಿಲ್ಲ. ಚಿತ್ವನ್‌ನಲ್ಲಿ ಹೆಣ್ಣುಗಳು ಹುಟ್ಟಿದ ಜಾಗದಿಂದ ಸರಾಸರಿ ಹತ್ತು ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ನೆಲೆಸಿದರೆ, ಗಂಡುಗಳು ಸರಾಸರಿ 33 ಕಿ.ಮೀ. ಹೋದವು. ಇದಕ್ಕಿಂತ ಬಹಳ ದೂರ ಹೋದ ಹುಲಿಗಳೂ ಇವೆ. 2010ರಲ್ಲಿ ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಒಂದು ಗಂಡು ಹುಲಿ 2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಸೆರೆ ಸಿಕ್ಕಿತು. ಎರಡೂ ಜಾಗಗಳ ನಡುವಿನ ಅಂತರ ಸುಮಾರು 280 ಕಿ.ಮೀ. ಪಟ್ಟೆಗಳ ವಿನ್ಯಾಸವನ್ನು ಹಳೆಯ ಚಿತ್ರಕ್ಕೆ ಹೋಲಿಸಿ ನೋಡಿದಾಗ ಅದೇ ಹುಲಿ ಎಂದು ತಿಳಿಯಿತು. ಊರು, ಹೆದ್ದಾರಿ, ಕಾಲುವೆ, ಅಡಕೆ ತೋಟ, ಎಷ್ಟೋ ರಾತ್ರಿಗಳ ನಡಿಗೆ. ದಾರಿಯುದ್ದಕ್ಕೂ ಅದು ಯಾರ ಕಣ್ಣಿಗೂ ಹೆಚ್ಚಾಗಿ ಬೀಳಲಿಲ್ಲ ಎಂಬುದೇ ಹುಲಿಯ ಸ್ವಭಾವಕ್ಕೆ ಸಾಕ್ಷಿ. ಮನುಷ್ಯನನ್ನು ತಪ್ಪಿಸಿಕೊಂಡು ಹೋಗುವುದು ಅದರ ರೂಢಿ.

ಜಾಗವಿಲ್ಲದ ಎಳೆಯ ಹುಲಿ ಇತರ ಹುಲಿಗಳ ಜಾಗಗಳ ಸಂದಿಯಲ್ಲಿ, ಕಾಡಿನ ಅಂಚಿನಲ್ಲಿ ದಿನ ಕಳೆಯುತ್ತದೆ. ಒಳಗೆ ಹೋದರೆ ಬಲಿಷ್ಠ ಗಂಡಿನ ಏಟು, ಹೊರಗೆ ಬಂದರೆ ಮನುಷ್ಯನ ಭಯ. ಕುಟ್ಟ, ಶ್ರೀಮಂಗಲದ ಸುತ್ತಿನ ತೋಟಗಳಲ್ಲಿ ಕಾಣಿಸಿಕೊಳ್ಳುವ ಹುಲಿಗಳಲ್ಲಿ ಇಂಥವು ಸೇರಿರುತ್ತವೆ. ಹೆಣ್ಣು ಮೂರು ನಾಲ್ಕು ವರ್ಷಕ್ಕೆ, ಗಂಡು ನಾಲ್ಕೈದು ವರ್ಷಕ್ಕೆ ಸಂತಾನಕ್ಕೆ ತೊಡಗುತ್ತದೆ, ಅದೂ ಜಾಗ ದೊರೆತರೆ. ಚಿತ್ವನ್‌ನ ಲೆಕ್ಕದಲ್ಲಿ ಒಂದು ಹೆಣ್ಣು ತನ್ನ ಬಾಳಿನಲ್ಲಿ ತಾಯಿಯನ್ನು ಬಿಡುವ ವಯಸ್ಸಿನವರೆಗೆ ಬೆಳೆಸಿದ್ದು ಸರಾಸರಿ ನಾಲ್ಕೂವರೆ ಮರಿ. ಅವುಗಳಲ್ಲಿ ಜಾಗ ಹಿಡಿದು ತಾವೂ ಮರಿ ಹಾಕುವ ಹಂತಕ್ಕೆ ಬಂದವು ಸುಮಾರು ಎರಡು. ಅಂದರೆ ಪ್ರಾಯಕ್ಕೆ ಬಂದ ಹುಲಿಗಳಲ್ಲೇ ಅರ್ಧಕ್ಕಿಂತ ಹೆಚ್ಚಿನವು ಕಾಡಿನ ಸಂತಾನಕ್ಕೆ ಏನನ್ನೂ ಸೇರಿಸದೆ ಅಳಿದವು.

ಜಾಗ, ಬೇಟೆ, ನೆರೆಹೊರೆ

ನಾಗರಹೊಳೆಯಂಥ ಸಮೃದ್ಧ ಕಾಡಿನಲ್ಲಿ ಹೆಣ್ಣು ಹುಲಿಗೆ ಹದಿನೈದು ಇಪ್ಪತ್ತು ಚದರ ಕಿ.ಮೀ. ಸಾಕು. ರಷ್ಯದ ಪೂರ್ವ ತುದಿಯ ಹಿಮದ ಕಾಡಿನಲ್ಲಿ ಅದೇ ಹೆಣ್ಣಿಗೆ ಸುಮಾರು ನಾನೂರು ಚದರ ಕಿ.ಮೀ. ಬೇಕು. ವ್ಯತ್ಯಾಸಕ್ಕೆ ಕಾರಣ ಬೇಟೆಯ ಪ್ರಾಣಿಗಳ ಸಾಂದ್ರತೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಭಾರತದ 11 ಕಾಡುಗಳನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಗರಹೊಳೆಯ ಪ್ರತಿ ಚದರ ಕಿ.ಮೀ.ಗೆ ಸುಮಾರು 56 ಗೊರಸಿನ ಪ್ರಾಣಿಗಳು, ಪ್ರತಿ ನೂರು ಚದರ ಕಿ.ಮೀ.ಗೆ ಸುಮಾರು 12 ಹುಲಿಗಳು ಇದ್ದವು. ಹುಲಿಗಳು ಪ್ರತಿವರ್ಷ ಈ ಪ್ರಾಣಿಗಳಲ್ಲಿ ಹತ್ತರಲ್ಲಿ ಒಂದನ್ನು ತೆಗೆಯುತ್ತವೆ ಎಂದು ಇಟ್ಟುಕೊಂಡರೆ, ಒಂದು ಹುಲಿಯನ್ನು ಸಾಕಲು ಸುಮಾರು ಐನೂರು ಪ್ರಾಣಿಗಳ ಹಿಂಡು ಬೇಕಾಗುತ್ತದೆ. ಇಪ್ಪತ್ತು ಚದರ ಕಿ.ಮೀ.ಯಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜಿಂಕೆ, ಕಡವೆ, ಕಾಟಿ, ಹಂದಿ ಇರುವ ಕಡೆ ತಾಯಿಯೊಂದು ಮರಿಗಳ ಸಮೇತ ನೆಮ್ಮದಿಯಾಗಿ ಬಾಳುತ್ತದೆ. ಗಂಡಿನ ಜಾಗ ಇಂಥ ಎರಡು ಮೂರು ಹೆಣ್ಣುಗಳ ಜಾಗವನ್ನು ಒಳಗೊಂಡಿರುತ್ತದೆ.

ಹುಲಿ ಓಡಿ ಹಿಡಿಯುವ ಪ್ರಾಣಿಯಲ್ಲ. ಮರೆಯಲ್ಲಿ ಹತ್ತಿರ ಸರಿದು, ಕೊನೆಯ ಹತ್ತಿಪ್ಪತ್ತು ಮೀಟರನ್ನು ಕೆಲವೇ ನೆಗೆತಗಳಲ್ಲಿ ಮುಗಿಸುತ್ತದೆ. ಬಹುಪಾಲು ಪ್ರಯತ್ನ ಕೈಗೂಡುವುದಿಲ್ಲ. ದೊಡ್ಡ ಪ್ರಾಣಿಯಾದರೆ ಗಂಟಲು ಹಿಡಿದು ಉಸಿರು ಕಟ್ಟಿಸುತ್ತದೆ, ಸಣ್ಣದಾದರೆ ಕತ್ತಿನ ಹಿಂಬದಿಗೆ ಕಚ್ಚುತ್ತದೆ. ಹುಲಿ ಕೊಂದದ್ದನ್ನು ಪೊದೆಗೆ ಎಳೆದು, ಹಿಂಭಾಗದಿಂದ ತಿನ್ನಲು ತೊಡಗಿ, ಮೂರು ನಾಲ್ಕು ದಿನ ಅಲ್ಲೇ ಸುತ್ತಮುತ್ತ ಇದ್ದು ಮುಗಿಸುತ್ತದೆ. ದನ ಕೊಂದ ಹುಲಿಯ ಬಾಯಿಂದ ಆ ಹೆಣವನ್ನು ಕಿತ್ತು ಹೂಳಿದರೆ ಅದು ಎರಡೇ ದಿನದಲ್ಲಿ ಇನ್ನೊಂದು ದನಕ್ಕೆ ಬರುವುದು ಇದಕ್ಕಾಗಿ.

ನಾಗರಹೊಳೆಯ ವಿಶೇಷ ಇಲ್ಲಿನ ನೆರೆಹೊರೆ. ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ದಟ್ಟವಾಗಿ ಬಾಳುತ್ತವೆ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ 1995ರಲ್ಲಿ ಉತ್ತರ ಕೊಟ್ಟರು. ಕೊಂದ ಪ್ರಾಣಿಗಳ ಅವಶೇಷವನ್ನೂ ಹಿಕ್ಕೆಯಲ್ಲಿನ ರೋಮವನ್ನೂ ಪರೀಕ್ಷಿಸಿದಾಗ ಹುಲಿಯ ಬೇಟೆಯ ಸರಾಸರಿ ತೂಕ 91.5 ಕೆ.ಜಿ., ಸೀಳುನಾಯಿಯದು 43.4, ಚಿರತೆಯದು 37.6 ಎಂದು ಕಂಡುಬಂತು. ಹುಲಿ ಕಾಟಿ, ಕಡವೆಗಳತ್ತ ಒಲಿದರೆ, ಉಳಿದೆರಡು ಚುಕ್ಕೆ ಜಿಂಕೆ, ಕಾಡುಕುರಿ, ಮುಸಿಯಗಳಲ್ಲಿ ತೃಪ್ತಿಪಡುತ್ತವೆ. ಕಾಡಿನಲ್ಲಿ ಎಲ್ಲ ಗಾತ್ರದ ಬೇಟೆಯೂ ಹೇರಳವಾಗಿರುವವರೆಗೆ ಮಾತ್ರ ಈ ಹೊಂದಾಣಿಕೆ ನಡೆಯುತ್ತದೆ. ಟನ್ನಿನ ಹತ್ತಿರ ತೂಗುವ ಕಾಟಿಯ ಮೇಲೆ ಎರಗುವುದು ಹುಲಿಗೂ ಸುಲಭವಲ್ಲ. ಕೋಡಿನ ಇರಿತ, ಗೊರಸಿನ ಒದೆತದಿಂದ ಹುಲಿ ಸತ್ತದ್ದೂ ಉಂಟು.

ಉಳಿವಿನ ಲೆಕ್ಕ

ಬಹುಕಾಲ ನಮ್ಮಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆಗುರುತಿನಿಂದ. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ, ಹಾಗಾಗಿ ಆ ಲೆಕ್ಕಗಳ ಮೇಲೆ ಭರವಸೆ ಇಡುವಂತಿರಲಿಲ್ಲ. 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಹಿಂಬಾಲಿಸಿದ ಕಾರಂತರು, ಮುಂದಿನ ವರ್ಷಗಳಲ್ಲಿ ಕಾಡುದಾರಿಗಳ ಪಕ್ಕದಲ್ಲಿ ಸ್ವಯಂಚಾಲಿತ ಕ್ಯಾಮೆರಾ ಕಟ್ಟಿದರು. ಹುಲಿಯ ಎರಡು ಮಗ್ಗುಲಿನ ಪಟ್ಟೆಗಳೂ ಬೇರೆಬೇರೆ, ಇನ್ನೊಂದು ಹುಲಿಗೆ ಅವು ಎಂದೂ ಹೊಂದುವುದಿಲ್ಲ. ಚಿತ್ರದಿಂದ ಗುರುತು ಹಿಡಿದು, ಒಂದೇ ಹುಲಿ ಎಷ್ಟು ಸಲ ಮತ್ತೆ ಸಿಕ್ಕಿತು ಎಂಬುದರ ಮೇಲೆ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು. ನಾಗರಹೊಳೆಯಲ್ಲಿ ರೂಪುಗೊಂಡ ಈ ಕ್ರಮವನ್ನು ಅನುಸರಿಸಿಯೇ ಬೆಲೀಜ್ ಮತ್ತು ಬೊಲಿವಿಯದ ಕಾಡುಗಳಲ್ಲಿ ಜಾಗ್ವಾರ್‌ಗಳನ್ನು ಮೈಮೇಲಿನ ಚುಕ್ಕೆಗಳಿಂದ ಗುರುತಿಸಿ ಎಣಿಸಲಾಯಿತು. ಆ ಅಧ್ಯಯನ 2004ರಲ್ಲಿ ಹೊರಬಂತು. ಈಗ ದೇಶದ ಹುಲಿ ಗಣತಿಯೂ ಕ್ಯಾಮೆರಾ ಚಿತ್ರಗಳನ್ನೇ ನೆಚ್ಚಿದೆ.

2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹುಲಿಯ ಉಳಿವನ್ನು ಅರಿಯಲು ಬಯಸುವವರು ಓದಲೇಬೇಕಾದದ್ದು. ನಾಗರಹೊಳೆಯಲ್ಲಿ ಒಂಬತ್ತು ವರ್ಷಗಳ ಅವಧಿಯಲ್ಲಿ 74 ಹುಲಿಗಳನ್ನು ಒಂದೊಂದಾಗಿ ಗುರುತಿಸಿ ನೋಡಿದಾಗ, ಒಂದು ವರ್ಷ ಇದ್ದ ಹುಲಿ ಮುಂದಿನ ವರ್ಷವೂ ಅಲ್ಲಿ ಉಳಿದಿರುವ ಪ್ರಮಾಣ 0.77 ಎಂದು ತಿಳಿಯಿತು. ನೂರರಲ್ಲಿ 23 ಹುಲಿಗಳು ಪ್ರತಿವರ್ಷ ಸತ್ತವು ಅಥವಾ ಕಾಡು ಬಿಟ್ಟು ಹೋದವು. ಇಷ್ಟು ಕಳೆದುಕೊಂಡೂ ನಾಗರಹೊಳೆಯ ಹುಲಿಗಳು ಕುಗ್ಗಲಿಲ್ಲ. ಸಾಂದ್ರತೆ ಕೆಲವು ವರ್ಷ ನೂರು ಚದರ ಕಿ.ಮೀ.ಗೆ ಏಳಕ್ಕೆ ಇಳಿದು, ಕೆಲವು ವರ್ಷ ಇಪ್ಪತ್ತೊಂದಕ್ಕೆ ಏರಿ, ಒಟ್ಟಿನಲ್ಲಿ ನಿಂತ ನೆಲೆಯಲ್ಲೇ ನಿಂತಿತು. ಬೇಟೆ ತುಂಬಿದ ಕಾಡಿನಲ್ಲಿ ಸಾಕಷ್ಟು ತಾಯಂದಿರು ಇದ್ದರೆ ಹೋದವುಗಳ ಜಾಗವನ್ನು ಹುಟ್ಟಿದವು ತುಂಬುತ್ತವೆ. ಒಂದೊಂದು ಹುಲಿಯನ್ನೂ ಬದುಕಿಸಿಕೊಳ್ಳುವುದು ಯಾರಿಂದಲೂ ಆಗದು, ಆಗಬೇಕಾದ ಅಗತ್ಯವೂ ಇಲ್ಲ. ಕಾಪಾಡಬೇಕಾದದ್ದು ಮರಿ ಹಾಕುವ ಹೆಣ್ಣುಗಳ ಜಾಗವನ್ನು, ಅವುಗಳ ಬೇಟೆಯನ್ನು, ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು. ಈ ಲೇಖನದ ಉಳಿದೆಲ್ಲ ಮಾತಿಗೂ ಇದೇ ಆಧಾರ.

ಬೇಟೆಯ ಕಾಲದಿಂದ ಕಾವಲಿನ ಕಾಲಕ್ಕೆ

ಹಿಂದೆ ಕೊಡಗಿನಲ್ಲಿ ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ‘ನರಿ ಮಂಗಲ’ ಎಂಬ ಹುಲಿ ಮದುವೆ ಮಾಡುತ್ತಿದ್ದರು. ಆಗ ಹುಲಿ ದನಕರುಗಳ ಶತ್ರು, ಕೊಲ್ಲುವುದು ಪರಾಕ್ರಮ. ಬ್ರಿಟಿಷರ ಕಾಲದಲ್ಲಿ ಬೇಟೆಗೆ ಬಹುಮಾನವೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿ ಬೇಟೆಯನ್ನು ಅಪರಾಧವಾಗಿಸಿತು, 1973ರಲ್ಲಿ ಹುಲಿ ಯೋಜನೆ ಬಂತು. ಕಾಗದದ ಮೇಲಿನ ಕಾಯಿದೆಯನ್ನು ನಾಗರಹೊಳೆಯ ನೆಲಕ್ಕೆ ಇಳಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕೆ.ಎಂ. ಚಿಣ್ಣಪ್ಪ. ಕುಟ್ಟಕ್ಕೆ ದೂರವಲ್ಲದ ಕಾಕೂರಿನವರಾದ ಅವರು 1967ರಲ್ಲಿ ಅರಣ್ಯ ಇಲಾಖೆ ಸೇರಿ, 1993ರಲ್ಲಿ ಬಿಡುವವರೆಗೆ ಕಳ್ಳಬೇಟೆ, ಮರಗಳ್ಳತನ, ಗದ್ದೆಗಾಗಿ ಹಡ್ಲುಗಳ ಒತ್ತುವರಿ ಇವುಗಳ ವಿರುದ್ಧ ಹಗಲುರಾತ್ರಿ ಹೋರಾಡಿದರು. ಅದಕ್ಕಾಗಿ ದ್ವೇಷ ಕಟ್ಟಿಕೊಂಡರು, ಜೈಲನ್ನೂ ಕಂಡರು. 2024ರಲ್ಲಿ ತೀರಿಕೊಂಡರು. ಹಡ್ಲುಗಳಿಗೆ ಜಿಂಕೆ ಮರಳಿದ್ದರಿಂದಲೇ ಹುಲಿ ಮರಳಿತು. ಆ ಮರಳುವಿಕೆಯ ಹಿಂದೆ ಅವರೂ ಅವರ ಕೈಕೆಳಗಿನ ಕಾವಲುಗಾರರೂ ಇದ್ದಾರೆ.

ಈ ಕಾವಲಿನ ಬೆಲೆಯನ್ನು ಎಲ್ಲರೂ ಸಮವಾಗಿ ತೆರಲಿಲ್ಲ ಎಂಬುದನ್ನೂ ಹೇಳಲೇಬೇಕು. ಜೇನುಕುರುಬ, ಬೆಟ್ಟಕುರುಬ, ಯರವ ಜನರ ಹಾಡಿಗಳು ಈ ಕಾಡಿನೊಳಗೇ ಇದ್ದವು. ಎಷ್ಟೋ ಕುಟುಂಬಗಳು ಹೊರಬಂದು ಕೊಡಗಿನ ತೋಟಗಳ ಲೈನ್‌ಮನೆ ಸೇರಿದವು, ಕೆಲವು ಪುನರ್ವಸತಿ ಕೇಂದ್ರಗಳಿಗೆ ಹೋದವು, ಕೆಲವು ಇಂದಿಗೂ 2006ರ ಅರಣ್ಯ ಹಕ್ಕು ಕಾಯಿದೆಯಡಿ ತಮ್ಮ ನೆಲ ಕೇಳುತ್ತಿವೆ. ಕಡವೆಯ ಕೂಗು, ಮುಸಿಯದ ಎಚ್ಚರಿಕೆ ಕೇಳಿ ಹುಲಿ ಯಾವ ಕಡೆ ಸಾಗುತ್ತಿದೆ ಎಂದು ಹೇಳಬಲ್ಲವರು ಇವರೇ. ಅರಣ್ಯ ಇಲಾಖೆಯ ಕಾವಲು ಶಿಬಿರಗಳೂ ಸಂಶೋಧಕರ ತಂಡಗಳೂ ನಡೆದದ್ದು ಇವರ ಕಣ್ಣು ಕಿವಿಗಳ ಮೇಲೆ.

ಕರ್ನಾಟಕದಲ್ಲಿ 2006ರಲ್ಲಿ 290 ಎಂದು ಅಂದಾಜಿಸಿದ್ದ ಹುಲಿಗಳು 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563 ಆದವು. 2022ರ ಅಂದಾಜಿನಂತೆ ನಾಗರಹೊಳೆ ಹುಲಿ ಮೀಸಲಿನಲ್ಲಿ 141, ನೆರೆಯ ಬಂಡೀಪುರದಲ್ಲಿ 150. ಕಾರ್ಬೆಟ್ ಬಿಟ್ಟರೆ ದೇಶದಲ್ಲಿ ಇವೆರಡೇ ಮುಂದಿನವು.

ಮುದಿ ಹುಲಿ, ಗಾಯದ ಹುಲಿ

ಕಾಡಿನ ಹುಲಿ ಹತ್ತು ಹನ್ನೆರಡು ವರ್ಷ ಬದುಕಿದರೆ ದೀರ್ಘಾಯುಷಿ. ಮುಪ್ಪಿನ ಮೊದಲ ಗುರುತು ಹಲ್ಲಿನಲ್ಲಿ: ಕೋರೆ ಸವೆಯುತ್ತದೆ, ಮುರಿಯುತ್ತದೆ. ಮುಳ್ಳುಹಂದಿಯ ಮುಳ್ಳು ಪಂಜಕ್ಕೋ ದವಡೆಗೋ ಹೊಕ್ಕು ಕೀವಾದರೆ ಪ್ರಾಯದ ಹುಲಿಯೂ ಕಡವೆ ಹಿಡಿಯಲಾರದು. ಎಳೆಯ ಗಂಡು ಬಂದು ಹೊಡೆದಾಡಿ ಜಾಗ ಕಿತ್ತುಕೊಂಡರೆ ಸೋತ ಹುಲಿಗೆ ಉಳಿಯುವುದು ಕಾಡಿನ ಅಂಚು, ಅಲ್ಲಿ ಕಟ್ಟಿದ ದನ. ಕೊಡಗಿನ ರೊಬಸ್ಟಾ ತೋಟ ಹುಲಿಗೆ ಮರೆಯಾಗಿ ಒಗ್ಗುತ್ತದೆ: ಮೇಲೆ ಮರದ ನೆರಳು, ಕೆಳಗೆ ಎದೆಯೆತ್ತರದ ಗಿಡಗಳ ಸಾಲು, ಕೆರೆಯ ನೀರು, ಕಾಡುಹಂದಿ. ಕಾಫಿ ಕೊಯ್ಲು ನಡೆಯುವುದು ಚಳಿಗಾಲದ ಕೊನೆಯಲ್ಲಿ. ಹೊರ ಊರುಗಳಿಂದ ಬಂದ ಕೂಲಿಗಳು ಗಿಡದ ಬುಡದಲ್ಲಿ ಬಗ್ಗಿ, ಕೂತು ಕೆಲಸ ಮಾಡುವ ಕಾಲ ಅದು. ಮಂಜು ಕವಿದ ಮುಂಜಾವಿನಲ್ಲಿ ಬಗ್ಗಿದ ಮನುಷ್ಯ ಹುಲಿಗೆ ಮನುಷ್ಯನಂತೆ ಕಾಣುವುದಿಲ್ಲ.

2021ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಶ್ರೀಮಂಗಲದ ಸುತ್ತಿನ ತೋಟಗಳಲ್ಲಿ ಜನ ಹುಲಿಗೆ ಬಲಿಯಾದರು. 2023ರ ಫೆಬ್ರವರಿ 12ರಂದು ಕುಟ್ಟದ ಹತ್ತಿರದ ಕೆ. ಬಾಡಗದಲ್ಲಿ ಒಬ್ಬ ಹುಡುಗ, ಮರುದಿನ ಅದೇ ಕುಟುಂಬದ ಹಿರಿಯರೊಬ್ಬರು ಸತ್ತರು. ಕೂಲಿಗಾಗಿ ತೋಟಕ್ಕೆ ಬಂದಿದ್ದ ಬಡ ಕುಟುಂಬ ಅದು. ಫೆಬ್ರವರಿ 14ರಂದು ಅರವಳಿಕೆ ಕೊಟ್ಟು ಹುಲಿಯನ್ನು ಸೆರೆಹಿಡಿದರು. 2025ರ ಜನವರಿಯಲ್ಲಿ ಗಡಿಯಾಚೆ ಮಾನಂದವಾಡಿ ಬಳಿಯ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಮಹಿಳೆಯನ್ನು ಹುಲಿ ಕೊಂದಿತು. ಕೆಲವು ದಿನಗಳಲ್ಲಿ ಆ ಹುಲಿಯೂ ಇನ್ನೊಂದು ಹುಲಿಯೊಂದಿಗಿನ ಕಾಳಗದ ಗಾಯಗಳೊಡನೆ ಸತ್ತು ಸಿಕ್ಕಿತು. ಇಂಥ ದಾಳಿಗಳಲ್ಲಿ ಸತ್ತವರು ಹೆಚ್ಚಾಗಿ ತೋಟದ ಒಡೆಯರಲ್ಲ, ಕೂಲಿಯವರು. ಹುಲಿ ಹೆಚ್ಚಿತೆಂದು ಬೆಂಗಳೂರಿನಲ್ಲಿ ಹಿಗ್ಗುವ ನಾವು ಈ ಮಾತನ್ನು ಮರೆಯುವಂತಿಲ್ಲ.

ಈಗಿನ ಅಪಾಯಗಳು

ಹಂದಿಗೆಂದು ಬೇಲಿಯಲ್ಲಿ ಇಡುವ ತಂತಿ ಉರುಳು ಕೊಡಗಿನ ಅಂಚಿನಲ್ಲಿ ಹುಲಿಗೂ ಚಿರತೆಗೂ ದೊಡ್ಡ ಅಪಾಯ. ಸೊಂಟಕ್ಕೋ ಕತ್ತಿಗೋ ಸಿಕ್ಕಿದ ಉರುಳು ಬಿಗಿಯುತ್ತ ಹೋಗುತ್ತದೆ, ಕಿತ್ತುಕೊಂಡು ಹೋದ ಪ್ರಾಣಿಯೂ ಗಾಯದಿಂದ ಬೇಟೆ ಬಿಟ್ಟು ಊರಿನ ಕಡೆ ತಿರುಗುತ್ತದೆ. ವಿದ್ಯುತ್ ಹರಿಸಿದ ತಂತಿಯೂ ಹಾಗೆಯೇ. ದನ ಕಳೆದುಕೊಂಡ ಸಿಟ್ಟಿಗೆ ಹೆಣಕ್ಕೆ ವಿಷ ಹಾಕುವುದು ಇನ್ನೂ ಘೋರ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಹೀಗೆ ಒಟ್ಟಿಗೆ ಸತ್ತವು. ಉಳಿವಿನ ಲೆಕ್ಕದಲ್ಲಿ ಮುದಿ ಗಂಡೊಂದರ ಸಾವಿಗೂ ಮರಿಯೊಡನೆ ತಾಯಿಯ ಸಾವಿಗೂ ಅಜಗಜಾಂತರವಿದೆ.

ಕಾಡಿನೊಳಗೆ ಲಂಟಾನ ಕಳೆ ಹಬ್ಬಿ ಹುಲ್ಲು ಅಡಗಿದೆ, ಜಿಂಕೆಯ ಮೇವು ಕಡಿಮೆಯಾಗಿದೆ. ರಸ್ತೆಗಳ ಮಾತು ಬೇರೆ. ಮೈಸೂರಿನಿಂದ ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಕಾಡಿನ ನಡುವೆ ಹೋಗುವ ರಸ್ತೆಯಲ್ಲಿ 2008ರಿಂದ ರಾತ್ರಿ ಸಂಚಾರ ನಿಂತಿದೆ. ಅದಕ್ಕೆ ಬದಲಿಯಾಗಿ ರಾತ್ರಿಯ ವಾಹನಗಳು ಹುಣಸೂರು, ಗೋಣಿಕೊಪ್ಪಲು, ಕುಟ್ಟ ಮಾರ್ಗವಾಗಿ ಹೋಗುತ್ತವೆ. ಒಳಗಾಡಿನ ನೆಮ್ಮದಿಗೆ ಕುಟ್ಟದ ರಸ್ತೆ ಹೆಗಲು ಕೊಟ್ಟಿದೆ ಎನ್ನಬಹುದು. ಆದರೆ ಈ ರಸ್ತೆಯೂ ನಾಗರಹೊಳೆ ಮತ್ತು ಬ್ರಹ್ಮಗಿರಿಯ ನಡುವೆ ಪ್ರಾಣಿಗಳು ದಾಟುವ ದಾರಿಯನ್ನೇ ಹಾಯುತ್ತದೆ. ಇದರ ಇಕ್ಕೆಲದಲ್ಲಿ ತೋಟಗಳು ಸೀಳಿ ರೆಸಾರ್ಟ್, ನಿವೇಶನಗಳಾದರೆ ದಾಟುವ ಜಾಗ ಮುಚ್ಚಿಹೋಗುತ್ತದೆ. ಮರಗಳ ನೆರಳಿನ ಕಾಫಿ ತೋಟ ತೋಟವಾಗಿಯೇ ಉಳಿಯುವುದು ಹುಲಿಯ ಮಟ್ಟಿಗೂ ಒಳ್ಳೆಯದು.

ಸೆರೆ ಮತ್ತು ಸ್ಥಳಾಂತರ

ಜನರನ್ನು ಕೊಂದ ಹುಲಿಯನ್ನು ತಡಮಾಡದೆ ಹಿಡಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತಡವಾದಷ್ಟೂ ಇನ್ನೊಂದು ಜೀವ ಹೋಗುತ್ತದೆ, ಜನರ ಸಿಟ್ಟು ಕಾಡಿನ ಎಲ್ಲ ಹುಲಿಗಳ ಮೇಲೆ ತಿರುಗುತ್ತದೆ. ಬೋನು, ಕ್ಯಾಮೆರಾ, ಅರವಳಿಕೆ ಪರಿಣತರ ಜೊತೆಗೆ ಮತ್ತಿಗೋಡು ಶಿಬಿರದ ಸಾಕಾನೆಗಳು ಈ ಕೆಲಸಕ್ಕೆ ಬರುತ್ತವೆ. ದಸರಾ ಅಂಬಾರಿಯಿಂದ ಹೆಸರಾದ ಅಭಿಮನ್ಯು ಇಂಥ ಕಾರ್ಯಾಚರಣೆಗಳಲ್ಲೂ ನುರಿತದ್ದು. ಕಾಫಿ ಗಿಡದ ಮರೆಯಲ್ಲಿರುವ ಹುಲಿಯ ಹತ್ತಿರ ಹೋಗಲು ಆನೆಯ ಬೆನ್ನಿಗಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ.

ಹಿಡಿದ ಹುಲಿಯನ್ನು ದೂರದ ಕಾಡಿಗೆ ಬಿಟ್ಟುಬಿಡಿ ಎಂಬ ಬೇಡಿಕೆ ಪ್ರತಿಸಲ ಕೇಳಿಬರುತ್ತದೆ. 2014ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸೆರೆಸಿಕ್ಕ ಹುಲಿಯನ್ನು ರೇಡಿಯೊ ಕಾಲರ್ ತೊಡಿಸಿ ಬೆಳಗಾವಿ ಜಿಲ್ಲೆಯ ಭೀಮಗಡದಲ್ಲಿ ಬಿಟ್ಟರು. ಕೆಲವೇ ವಾರಗಳಲ್ಲಿ ಅದು ಖಾನಾಪುರ ತಾಲ್ಲೂಕಿನಲ್ಲಿ ಮಹಿಳೆಯೊಬ್ಬರನ್ನು ಕೊಂದಿತು, ವರ್ಷ ಮುಗಿಯುವ ಮುನ್ನ ಗುಂಡಿಗೆ ಬಲಿಯಾಯಿತು. ಬೇಟೆ ಚೆನ್ನಾಗಿರುವ ಕಾಡಾದರೆ ಅಲ್ಲಿ ಜಾಗ ಹಿಡಿದ ಹುಲಿ ಆಗಲೇ ಇರುತ್ತದೆ. ಹುಲಿ ಇಲ್ಲದ ಕಾಡಿನಲ್ಲಿ ಬೇಟೆಯೂ ಇರುವುದಿಲ್ಲ. ಗಾಯಗೊಂಡ, ಹಲ್ಲು ಸವೆದ ಪ್ರಾಣಿ ಎರಡು ಕಡೆಯೂ ಬಾಳಲಾರದು. ಆದ್ದರಿಂದ ಕೊಡಗಿನಲ್ಲಿ ಹಿಡಿದ ಹುಲಿಗಳು ಸಾಮಾನ್ಯವಾಗಿ ಮೈಸೂರಿನ ಹೊರವಲಯದ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರ ಸೇರುತ್ತವೆ. ಉಳಿವಿನ ಲೆಕ್ಕದಲ್ಲಿ ಅವು ಸತ್ತ ಹುಲಿಗಳ ಸಾಲಿಗೇ ಸೇರಿದವು. ಕಾಡಿಗೆ ಮರಳುವುದಿಲ್ಲ, ಮರಿ ಹಾಕುವುದಿಲ್ಲ. ಮುದಿ ಗಂಡೊಂದು ಹೀಗೆ ಹೋದರೆ ನಾಗರಹೊಳೆಗೆ ನಷ್ಟವೇನೂ ಇಲ್ಲ. ಅಂಚಿನಲ್ಲಿ ಮರಿ ಸಾಕುತ್ತಿರುವ ಹೆಣ್ಣನ್ನು ದನ ಕೊಂದ ಒಂದೇ ಕಾರಣಕ್ಕೆ ಹಿಡಿದರೆ ನಷ್ಟವಿದೆ, ಮರಿಗಳೂ ಉಳಿಯವು. ಯಾವ ಹುಲಿ, ಗಂಡೋ ಹೆಣ್ಣೋ, ಮರಿ ಇದೆಯೋ ಇಲ್ಲವೋ ಎಂಬುದನ್ನು ಪಟ್ಟೆ ನೋಡಿ ತಿಳಿದ ಮೇಲೆ ಬೋನು ಇಡುವುದು ಸರಿಯಾದ ಕ್ರಮ. ಹಿಡಿಯಬೇಕಾಗಿ ಬರುವ ಮೊದಲೇ ಮಾಡಬಹುದಾದದ್ದು ತೋಟಗಳಲ್ಲಿದೆ: ರಾತ್ರಿ ದನಗಳನ್ನು ಬಾಗಿಲಿರುವ ಕೊಟ್ಟಿಗೆಯೊಳಗೆ ಕಟ್ಟುವುದು, ಲೈನ್‌ಮನೆಗಳಿಗೆ ಶೌಚಾಲಯವನ್ನೂ ದೀಪವನ್ನೂ ಕೊಡುವುದು, ಕೊಯ್ಲಿನ ದಿನಗಳಲ್ಲಿ ಬೆಳಕು ಚೆನ್ನಾಗಿ ಬಿದ್ದ ಮೇಲೆ ಗುಂಪಾಗಿ ಕೆಲಸಕ್ಕಿಳಿಸುವುದು, ಹೆಜ್ಜೆ ಕಂಡ ದಿನವೇ ಅಕ್ಕಪಕ್ಕದ ತೋಟಗಳಿಗೂ ಅರಣ್ಯ ಇಲಾಖೆಗೂ ತಿಳಿಸುವುದು, ಸತ್ತ ದನಕ್ಕೆ ಪರಿಹಾರ ತಡವಾಗದಂತೆ ನೋಡಿಕೊಳ್ಳುವುದು.